ಮನೆಯೋ, ಕೆರೆಯೋ? ಕುರುಬರಹಳ್ಳಿಯ ರಾಜಕಾಲುವೆಯ ದಂಡೆಯಿಂದ ‘ಲೌದಾತೊ ಸಿ’ಯ ಮರುಓದು

ಜಗದ್ಗುರು ಫ್ರಾನ್ಸಿಸ್‌ರವರು ‘ಲೌದಾತೊ ಸಿ’ ವಿಶ್ವಪತ್ರಕ್ಕೆ 2015ರ ಮೇ 24ರಂದು, ಪೆಂತೆಕೋಸ್ತ್ ಹಬ್ಬದ ದಿನ ಸಹಿ ಹಾಕಿದರು. ಜೂನ್ 18ರಂದು ಅದು ಪ್ರಕಟವಾಯಿತು. ಅಲ್ಲಿಂದ ಹತ್ತು ವರ್ಷಗಳು ಸಂದಿವೆ. ಬರೆದವರು 2025ರ ಏಪ್ರಿಲ್ 21ರಂದು ಪ್ರಭುವಿನ ಸನ್ನಿಧಿ ಸೇರಿದ್ದಾರೆ. ಈ ಅವಧಿಯಲ್ಲಿ ನಮ್ಮ ಧರ್ಮಕೇಂದ್ರಗಳಲ್ಲಿ ವಿಶ್ವಪತ್ರಕ್ಕೆ ದೊರೆತ ಸ್ವಾಗತ ಬಹುಮಟ್ಟಿಗೆ ಒಂದೇ ಬಗೆಯದು: ಹಬ್ಬದ ದಿನ ಸಸಿ ನೆಡುವುದು, ಪ್ಲಾಸ್ಟಿಕ್ ಲೋಟಗಳನ್ನು ಕೈಬಿಡುವುದು, ಸೃಷ್ಟಿಗಾಗಿ ಒಂದು ಪ್ರಾರ್ಥನೆಯನ್ನು ಸೇರಿಸುವುದು. ಇವುಗಳಲ್ಲಿ ತಿರಸ್ಕರಿಸಬೇಕಾದುದು ಏನೂ ಇಲ್ಲ. ಆದರೆ ಇಷ್ಟು ಗಂಭೀರವಾದ ಬೋಧನೆಯೊಂದನ್ನು ಯಾರೂ ಕಸಿವಿಸಿಪಡದೆ ಒಪ್ಪಿಕೊಂಡರು ಎಂದಾಗ, ಅದನ್ನು ನಾವು ನಿಜವಾಗಿ ಓದಿದ್ದೇವೆಯೇ ಎಂಬ ಅನುಮಾನ ಹುಟ್ಟುವುದು ಸಹಜ.

ನಮ್ಮಲ್ಲಿ ಆ ಅನುಮಾನ ಹುಟ್ಟಿದ್ದು ಗ್ರಂಥಾಲಯದಲ್ಲಿ ಅಲ್ಲ. ಕೆಲವು ವರ್ಷಗಳ ಹಿಂದೆ, ಮಳೆಗಾಲದ ಒಂದು ಸಂಜೆ, ಪಶ್ಚಿಮ ಬೆಂಗಳೂರಿನ ಕುರುಬರಹಳ್ಳಿಯ ಮನೆಯೊಂದಕ್ಕೆ ಕಿರು ಕ್ರೈಸ್ತ ಸಮುದಾಯದ ಪ್ರಾರ್ಥನಾ ಕೂಟಕ್ಕೆಂದು ಹೋಗಿದ್ದೆವು. ಭೂಮಿಯು ನಮ್ಮೆಲ್ಲರ ಮನೆ ಎಂಬ ವಿಶ್ವಪತ್ರದ ತಿರುಳನ್ನು ನಮಗೆ ತಿಳಿದ ಮಟ್ಟಿಗೆ ವಿವರಿಸಿದೆವು. ಕೂಟ ಮುಗಿದು ಕಾಫಿ ಕೊಡುವ ಹೊತ್ತಿಗೆ ಆ ಮನೆಯ ಹಿರಿಯ ತಾಯಿ, ಗೋಡೆಯ ಮೇಲೆ ಮೊಳಕಾಲೆತ್ತರಕ್ಕೆ ಉಳಿದುಕೊಂಡಿದ್ದ ಕೆಸರಿನ ಗೆರೆಯನ್ನು ತೋರಿಸಿ, “ಮನೆ ಎಲ್ಲರದೂ ಹೌದು ಫಾದರ್, ಮೋರಿ ನೀರು ನುಗ್ಗೋದು ಮಾತ್ರ ನಮ್ಮನೆಗೇ” ಎಂದರು. ಅವರ ದನಿಯಲ್ಲಿ ಆಕ್ಷೇಪವಿರಲಿಲ್ಲ. ನಮ್ಮ ಬಳಿ ಉತ್ತರವೂ ಇರಲಿಲ್ಲ. ಆ ಮಾತಿಗೆ ತಡವಾಗಿ ಉತ್ತರ ಹುಡುಕುವ ಪ್ರಯತ್ನ ಈ ಲೇಖನ.

ನಮ್ಮ ವಾದವನ್ನು ಮೊದಲೇ ಹೇಳಿಬಿಡುವುದು ಒಳಿತು. ಹಾನಿ ಮಾಡಿದವರು ಯಾರು, ಅದನ್ನು ಅನುಭವಿಸುತ್ತಿರುವವರು ಯಾರು ಎಂಬ ಭೇದವನ್ನು ವಿಶ್ವಪತ್ರದ ಮೊದಲ ಅಧ್ಯಾಯ ಚೆನ್ನಾಗಿ ಬಲ್ಲದು. ಆದರೆ ‘ಮನೆ’ ಎಂಬ ಅದರ ಕೇಂದ್ರ ರೂಪಕದಲ್ಲಿ ಆ ಭೇದ ಮಸುಕಾಗುವ ಅಪಾಯವಿದೆ, ಮತ್ತು ನಮ್ಮ ಓದು ಆ ಅಪಾಯಕ್ಕೆ ಸಿಲುಕಿದೆ. ನೀರು ಹರಿಯುವ ದಿಕ್ಕನ್ನು ಗಮನದಲ್ಲಿಟ್ಟು ಓದಿದರೆ, ವಿಶ್ವಪತ್ರವು ನಮ್ಮನ್ನು ಕಾಳಜಿಗೆ ಕರೆಯುವುದಕ್ಕಿಂತ ಮುಂಚೆ ಸಾಲ ತೀರಿಸಲು ಕರೆಯುತ್ತಿದೆ ಎಂಬುದು ಕಾಣುತ್ತದೆ.

ವಿಶ್ವಪತ್ರದ ಬಲ

ವಿಮರ್ಶೆಗೆ ಮುನ್ನ ಈ ಪತ್ರದ ಸಾಧನೆಯನ್ನು ಒಪ್ಪಿಕೊಳ್ಳಬೇಕು. ಪರಿಸರದ ಬಿಕ್ಕಟ್ಟು ಒಂದು, ಸಮಾಜದ ಬಿಕ್ಕಟ್ಟು ಇನ್ನೊಂದು ಎಂದು ವಿಂಗಡಿಸುವುದನ್ನು ಅದು ನಿರಾಕರಿಸುತ್ತದೆ. ಇರುವುದು ಎರಡೂ ಹೆಣೆದುಕೊಂಡ ಒಂದೇ ಬಿಕ್ಕಟ್ಟು ಎನ್ನುತ್ತದೆ (ಪರಿಚ್ಛೇದ 139). ಭೂಮಿಯ ಕೂಗನ್ನು ಬಡವರ ಕೂಗಿನೊಡನೆ ಕೇಳಿಸಿಕೊಳ್ಳಬೇಕೆಂಬ ಮಾತನ್ನು ಬ್ರೆಜಿಲಿನ ಲಿಯೊನಾರ್ಡೊ ಬೊಫ್ 1995ರಲ್ಲೇ ತಮ್ಮ ಗ್ರಂಥದ ಶೀರ್ಷಿಕೆಯಾಗಿಸಿದ್ದರು. ಒಂದು ಕಾಲಕ್ಕೆ ರೋಮಿನ ಅನುಮಾನಕ್ಕೆ ಗುರಿಯಾಗಿದ್ದ ವಿಮೋಚನಾ ದೈವಶಾಸ್ತ್ರದ ಆ ನುಡಿ ಇಪ್ಪತ್ತು ವರ್ಷಗಳ ನಂತರ ಜಗದ್ಗುರುಗಳ ಅಧಿಕೃತ ಬೋಧನೆಯೊಳಕ್ಕೆ ಬಂದಿತು (49). ಜಾಗತಿಕ ಅಸಮಾನತೆಗೆ ಮೀಸಲಾದ 48ರಿಂದ 52ರವರೆಗಿನ ಪರಿಚ್ಛೇದಗಳು ಶ್ರೀಮಂತ ರಾಷ್ಟ್ರಗಳು ಬಡ ರಾಷ್ಟ್ರಗಳಿಗೆ ಪರಿಸರದ ಋಣವನ್ನು ತೀರಿಸಬೇಕಿದೆ ಎಂದು ನೇರವಾಗಿ ಹೇಳುತ್ತವೆ. ಕುಡಿಯುವ ನೀರಿಲ್ಲದ ಬಡವರಿಗೆ ಜಗತ್ತು ಸಾಲಗಾರನಾಗಿದೆ ಎಂಬ ಮಾತು 30ನೇ ಪರಿಚ್ಛೇದದಲ್ಲಿದೆ.

ಈ ಮಾತುಗಳು ಬರಿಯ ಭಾವಾವೇಶವಲ್ಲ. 2022ರ ವಿಶ್ವ ಅಸಮಾನತಾ ವರದಿಯ ಪ್ರಕಾರ ಜಗತ್ತಿನ ಅತಿ ಶ್ರೀಮಂತ ಶೇಕಡ 10ರಷ್ಟು ಜನರ ಕೈಯಲ್ಲಿ ಒಟ್ಟು ಸಂಪತ್ತಿನ ಶೇಕಡ 76 ಇದೆ. ಕೆಳಗಿನ ಅರ್ಧದಷ್ಟು ಜನರಿಗೆ ಉಳಿದಿರುವುದು ಶೇಕಡ 2. ಇಂಗಾಲದ ಲೆಕ್ಕವೂ ಹೆಚ್ಚು ಬೇರೆಯಾಗಿಲ್ಲ: ಮೇಲಿನ ಶೇಕಡ 10ರವರು ಸುಮಾರು ಅರ್ಧದಷ್ಟನ್ನು ಗಾಳಿಗೆ ಬಿಡುತ್ತಾರೆ, ಕೆಳಗಿನ ಅರ್ಧ ಜನ ಬಿಡುವುದು ಶೇಕಡ 12ರಷ್ಟು. ಇದನ್ನು ಉತ್ತರದ ದೇಶಗಳ ಪಾಪವೆಂದು ಪಕ್ಕಕ್ಕೆ ತಳ್ಳಿ ನಾವು ನಿಶ್ಚಿಂತರಾಗುವಂತಿಲ್ಲ. ಭಾರತದ ಕುರಿತು 2024ರಲ್ಲಿ ಅರ್ಥಶಾಸ್ತ್ರಜ್ಞರು ಪ್ರಕಟಿಸಿದ ಅಧ್ಯಯನದಂತೆ, 2022–23ರಲ್ಲಿ ದೇಶದ ಸಂಪತ್ತಿನ ಶೇಕಡ 40.1 ಭಾಗ ಅತಿ ಶ್ರೀಮಂತ ಶೇಕಡ 1ರಷ್ಟು ಜನರ ಬಳಿ ಇತ್ತು. ಸಾಲ ಕೊಡಬೇಕಾದವರು ಮತ್ತು ಪಡೆಯಬೇಕಾದವರು ಬೇರೆ ಬೇರೆ ಖಂಡಗಳಲ್ಲಿ ಇದ್ದಂತೆ ಒಂದೇ ನಗರದಲ್ಲೂ ಇದ್ದಾರೆ.

ನೀರು ಹರಿಯುವ ದಿಕ್ಕು

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಬ್ಬದ ಮೇಲೆ ಕುಳಿತಿರುವ ನಗರ. ಇಲ್ಲಿ ಬಿದ್ದ ನೀರು ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ ಮತ್ತು ವೃಷಭಾವತಿ ಕಣಿವೆಗಳಲ್ಲಿ ಹಂಚಿಹೋಗುತ್ತದೆ. ಮೊದಲೆರಡು ಕಣಿವೆಗಳ ನೀರು ದಕ್ಷಿಣ ಪಿನಾಕಿನಿಯ ಕಡೆಗೂ ವೃಷಭಾವತಿಯದು ಅರ್ಕಾವತಿಯ ಮೂಲಕ ಕಾವೇರಿಗೂ ಹೋಗುತ್ತದೆ. ಕುರುಬರಹಳ್ಳಿಯ ರಾಜಕಾಲುವೆ ವೃಷಭಾವತಿ ಕಣಿವೆಗೆ ಸೇರಿದ್ದು. ಹೆಸರೇ ಹೇಳುವಂತೆ ಇದು ಕುರಿ ಕಾಯುವವರ ಹಳ್ಳಿ. ಈಗ ನಗರದ ದಟ್ಟ ಬಡಾವಣೆಗಳಲ್ಲೊಂದು. ಸುತ್ತಲಿನ ಎತ್ತರದ ಬಡಾವಣೆಗಳಿಗೆ ಕಾಂಕ್ರೀಟು, ಡಾಂಬರು ಬಿದ್ದಷ್ಟೂ ಇಂಗಬೇಕಾದ ಮಳೆನೀರು ಇಂಗದೆ ಕೆಳಕ್ಕೆ ಧಾವಿಸುತ್ತದೆ. ದಾರಿಯಲ್ಲಿ ಒಳಚರಂಡಿಯ ನೀರೂ ಅದರೊಡನೆ ಕೂಡಿಕೊಳ್ಳುತ್ತದೆ. ಎರಡೂ ಸೇರಿ ತಗ್ಗಿನ ಮನೆಗಳ ಬಾಗಿಲಿಗೆ ಬರುತ್ತವೆ.

2017ರ ಮೇ 20ರ ಮಳೆಯಲ್ಲಿ ಇಲ್ಲಿನ ರಾಜಕಾಲುವೆಯಲ್ಲಿ ಕೆಲಸ ಮಾಡುತ್ತಿದ್ದ ಗುತ್ತಿಗೆ ಕಾರ್ಮಿಕರೊಬ್ಬರು ಕೊಚ್ಚಿಹೋದರು. ಅದೇ ವರ್ಷದ ಅಕ್ಟೋಬರ್ 13ರ ಮಳೆಗೆ ಕುರುಬರಹಳ್ಳಿಯ ಸುತ್ತಮುತ್ತ ಐವರು ಪ್ರಾಣ ಕಳೆದುಕೊಂಡರು. ಗೋಡೆ ಕುಸಿದು ಸತ್ತವರಿದ್ದರು, ಕಾಲುವೆಯ ಸೆಳೆತಕ್ಕೆ ಸಿಕ್ಕವರಿದ್ದರು. ಮಳೆ ಇಡೀ ನಗರಕ್ಕೆ ಬಂದಿತ್ತು. ಸಾವು ತಗ್ಗಿಗೆ ಬಂದಿತು.

ಕಣಿವೆಯ ಗುಂಟ ಇನ್ನೂ ಕೆಳಕ್ಕೆ ನಡೆಯೋಣ. ವೃಷಭಾವತಿಯು ಮೈಸೂರು ರಸ್ತೆಯ ಬದಿಯಲ್ಲಿ ಕೆಂಗೇರಿಯನ್ನು ದಾಟಿ ಬಿಡದಿ ಸಮೀಪದ ಭೈರಮಂಗಲ ಕೆರೆಗೆ ಇಳಿಯುತ್ತದೆ. 1940ರ ದಶಕದಲ್ಲಿ ನೀರಾವರಿಗೆಂದು ಕಟ್ಟಿದ ಆ ಕೆರೆಗೆ ದಶಕಗಳಿಂದ ಬರುತ್ತಿರುವುದು ಮನೆಗಳ ಕೊಳಚೆ ಮತ್ತು ಕಾರ್ಖಾನೆಗಳ ತ್ಯಾಜ್ಯ ಬೆರೆತ ನೊರೆನೀರು. ಭತ್ತ ಬೆಳೆಯುತ್ತಿದ್ದ ಅಚ್ಚುಕಟ್ಟಿನ ರೈತರು ಬೇಬಿಕಾರ್ನ್, ಮೇವಿನ ಹುಲ್ಲು, ಹಿಪ್ಪುನೇರಳೆಗಳ ಕಡೆಗೆ ಹೊರಳಿದ್ದಾರೆ. ವರ್ಷವಿಡೀ ಹರಿಯುವ ಆ ನೀರಿನಿಂದಲೇ ಅವರ ಬೇಸಾಯ ಉಳಿದಿದೆ ಎಂಬುದೂ ನಿಜ. ಬಡವನಿಗೆ ವಿಷವೂ ಅನ್ನವೂ ಒಂದೇ ತೂಬಿನಿಂದ ಬರುವ ಸ್ಥಿತಿ ಇದು.

ಇನ್ನೊಂದು ಸಂಗತಿಯನ್ನು ನಾವು ಪಾಠ ಹೇಳುವಾಗ ನಕಾಶೆ ತೆರೆದು ತೋರಿಸುತ್ತೇವೆ. ನಗರಕ್ಕೆ ಕುಡಿಯುವ ನೀರು ಸುಮಾರು 100 ಕಿಲೋಮೀಟರ್ ದೂರದಿಂದ, ತೊರೆಕಾಡನಹಳ್ಳಿಯ ಮೂಲಕ, ಏರನ್ನು ಹತ್ತಿ ಬರುತ್ತದೆ. 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಕಾವೇರಿ ಐದನೇ ಹಂತವು ದಿನಕ್ಕೆ 775 ದಶಲಕ್ಷ ಲೀಟರ್ ನೀರನ್ನು ಇದಕ್ಕೆ ಸೇರಿಸುತ್ತದೆ. ಕಾವೇರಿಯಿಂದ ನೀರೆತ್ತುವ ಜಾಗ ಶಿವನಸಮುದ್ರದ ಸುತ್ತಿನಲ್ಲಿದೆ. ನಮ್ಮ ಕೊಳಚೆಯನ್ನು ಹೊತ್ತ ಅರ್ಕಾವತಿಯು ಕಾವೇರಿಯನ್ನು ಕೂಡುವ ಸಂಗಮ ಅದಕ್ಕಿಂತ ಕೆಳಗಿದೆ. ಎಂದರೆ, ನಗರವು ತಾನು ಕೆಡಿಸಿದ ನೀರನ್ನು ತಾನು ಕುಡಿಯಬೇಕಾದ ಪ್ರಸಂಗವೇ ಬರುವುದಿಲ್ಲ. ಜಾಗತಿಕ ಅಸಮಾನತೆಯ ವ್ಯಾಖ್ಯಾನವನ್ನು ಇದಕ್ಕಿಂತ ಸರಳವಾಗಿ ಹೇಳುವುದು ಕಷ್ಟ: ಪಡೆಯುವುದು ಮೇಲಿನ ಜಾಗದಿಂದ, ಬಿಡುವುದು ಕೆಳಗಿನ ಜಾಗಕ್ಕೆ. ಇಂಗಾಲದ ವಿಷಯದಲ್ಲಿ ರಾಷ್ಟ್ರಗಳು ಮಾಡುತ್ತಿರುವುದೂ ಇದನ್ನೇ.

‘ಮನೆ’ಯ ಮಿತಿ

ಈ ಹಿನ್ನೆಲೆಯಲ್ಲಿ ‘ನಮ್ಮೆಲ್ಲರ ಮನೆ’ ಎಂಬ ರೂಪಕಕ್ಕೆ ಮರಳೋಣ. ಮನೆ ಎಂದರೆ ಆಸರೆ, ಆತ್ಮೀಯತೆ, ಒಂದೇ ಸೂರು. ಇಡೀ ಮನುಕುಲವನ್ನು ಒಂದು ಕುಟುಂಬವಾಗಿ ಸಂಬೋಧಿಸಬೇಕಾದ ಜಗದ್ಗುರುಗಳಿಗೆ ಇದಕ್ಕಿಂತ ಒಳ್ಳೆಯ ಪದ ಸಿಗುತ್ತಿರಲಿಲ್ಲವೇನೋ. ಆದರೆ ಪದಗಳು ನೆಲೆಸುವ ನೆಲವೂ ಮುಖ್ಯ. ನಮ್ಮ ನಾಡಿನಲ್ಲಿ ಮನೆ ಎಂಬುದು ಎಲ್ಲರಿಗೂ ಒಂದೇ ಅರ್ಥ ಕೊಟ್ಟ ಜಾಗವಲ್ಲ. ಜಗಲಿಯವರೆಗೆ ಬರಬಹುದಾದವರು, ನಡುಮನೆಗೆ ಬರಬಹುದಾದವರು, ಹಿತ್ತಲ ಬಾಗಿಲಲ್ಲೇ ನಿಂತು ಕೂಗಬೇಕಾದವರು ಎಂಬ ವಿಂಗಡಣೆಯನ್ನು ಮನೆಯ ಕಟ್ಟೋಣವೇ ಮಾಡುತ್ತಿತ್ತು. ಆ ಮನೆಯ ಬಚ್ಚಲನ್ನು ತೊಳೆದವರು ಆ ಮನೆಯ ಬಾವಿಯನ್ನು ಮುಟ್ಟುವಂತಿರಲಿಲ್ಲ. ಅವರಿಗೆ ‘ನಮ್ಮೆಲ್ಲರ ಮನೆ’ ಎಂದಾಗ ನೆನಪಾಗುವುದು ಸೂರೋ, ಹೊಸ್ತಿಲೋ?

ರೂಪಕದ ಜತೆಗೆ ‘ನಾವು’ ಎಂಬ ಸರ್ವನಾಮವೂ ಪರೀಕ್ಷೆಗೆ ಅರ್ಹ. ನೆರೆಯ ತಮಿಳು, ತೆಲುಗುಗಳಲ್ಲಿ ಕೇಳುಗನನ್ನು ಸೇರಿಸಿಕೊಳ್ಳುವ ‘ನಾವು’ ಒಂದು, ಅವನನ್ನು ಹೊರಗಿಟ್ಟು ಹೇಳುವ ‘ನಾವು’ ಇನ್ನೊಂದು. ಕನ್ನಡದಲ್ಲಿ ಎರಡಕ್ಕೂ ಒಂದೇ ಪದ. ಹೀಗಾಗಿ ‘ನಾವು ಭೂಮಿಯನ್ನು ಹಾಳುಮಾಡಿದೆವು’ ಎಂದು ಪೀಠದಿಂದ ಪ್ರವಚನ ಹೇಳುವಾಗ, ವಿಮಾನದಲ್ಲಿ ಓಡಾಡುವವರನ್ನೂ ಟ್ಯಾಂಕರ್ ನೀರಿಗೆ ಬಿಂದಿಗೆ ಹಿಡಿದು ಸಾಲಿನಲ್ಲಿ ನಿಂತವರನ್ನೂ ಒಂದೇ ಕ್ರಿಯಾಪದಕ್ಕೆ ಕಟ್ಟಿಬಿಡುತ್ತೇವೆ. ಪಾಪದ ಹೊಣೆಯನ್ನು ಸಮನಾಗಿ ಹಂಚುವುದು ಔದಾರ್ಯದಂತೆ ಕಂಡರೂ ಅದು ಅನ್ಯಾಯ.

ವಿಶ್ವಪತ್ರದ ಕೊನೆಯ ಅಧ್ಯಾಯದಲ್ಲಿ ಈ ಸಮಸ್ಯೆ ಎದ್ದು ಕಾಣುತ್ತದೆ. ದಿನನಿತ್ಯದ ಸಣ್ಣ ಸಣ್ಣ ಸತ್ಕ್ರಿಯೆಗಳನ್ನು ಪಟ್ಟಿ ಮಾಡುವ 211ನೇ ಪರಿಚ್ಛೇದವು, ಹೆಚ್ಚು ಖರ್ಚು ಮಾಡಬಲ್ಲವರಾಗಿದ್ದೂ ಕೋಣೆಯನ್ನು ಬಿಸಿಮಾಡುವುದನ್ನು ತಗ್ಗಿಸಿ ಬೆಚ್ಚನೆಯ ಉಡುಪು ಧರಿಸುವವರನ್ನು ಉದಾಹರಣೆಯಾಗಿ ಕೊಡುತ್ತದೆ. ಇಲ್ಲಿ ಕಲ್ಪಿತನಾದ ಓದುಗ ಚಳಿದೇಶದ ಸ್ಥಿತಿವಂತ. ಕುರುಬರಹಳ್ಳಿಯ ಆ ತಾಯಿ ಈಗಾಗಲೇ ಕಡಿಮೆ ನೀರು, ಕಡಿಮೆ ವಿದ್ಯುತ್ತು, ಕಡಿಮೆ ಜಾಗದಲ್ಲಿ ಬದುಕುತ್ತಿದ್ದಾರೆ. ತ್ಯಜಿಸುವುದಕ್ಕೆ ಅವರ ಬಳಿ ಏನೂ ಉಳಿದಿಲ್ಲ, ಪಡೆಯಬೇಕಾದದ್ದು ಇದೆ. ಸಾಮಾಜಿಕ ಸಮಸ್ಯೆಗೆ ವ್ಯಕ್ತಿಗಳ ಸದಾಚಾರ ಸಾಲದು, ಸಮುದಾಯಗಳೇ ಬದಲಾಗಬೇಕು ಎಂದು 219ನೇ ಪರಿಚ್ಛೇದ ತಿದ್ದುಪಡಿ ಮಾಡುತ್ತದೆ ನಿಜ. ಆದರೆ ನಮ್ಮ ಪ್ರವಚನಗಳು 211ಕ್ಕೆ ಬಂದು ನಿಂತುಬಿಡುತ್ತವೆ.

ಜಾತಿಯ ಹೆಸರನ್ನು ವಿಶ್ವಪತ್ರ ಎತ್ತುವುದಿಲ್ಲ. ಇಡೀ ಜಗತ್ತಿಗೆ ಬರೆದ ಪತ್ರದಲ್ಲಿ ಇದನ್ನು ದೋಷವೆಂದು ಎಣಿಸುವುದು ನ್ಯಾಯವಲ್ಲ. ಆ ಸಾಲುಗಳನ್ನು ಸೇರಿಸಿ ಓದುವುದು ಇಲ್ಲಿಯ ದೈವಶಾಸ್ತ್ರದ ಕೆಲಸವಾಗಿತ್ತು. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯು 2016ರ ಡಿಸೆಂಬರ್‌ನಲ್ಲಿ ಹೊರತಂದ ದಲಿತ ಸಬಲೀಕರಣ ನೀತಿಯು ಧರ್ಮಸಭೆಯೊಳಗೂ ಜಾತಿಭೇದವಿದೆ ಎಂಬುದನ್ನು ಒಪ್ಪಿಕೊಂಡಿತು. ಒಂದೂವರೆ ವರ್ಷದ ಅಂತರದಲ್ಲಿ ಬಂದ ಈ ಎರಡು ದಾಖಲೆಗಳನ್ನು ಒಟ್ಟಿಗಿಟ್ಟು ಓದುವ ಅಭ್ಯಾಸ ನಮ್ಮ ತರಗತಿಗಳಲ್ಲಿ ಬೆಳೆಯಲಿಲ್ಲ. ಮಲಗುಂಡಿಗೆ, ಒಳಚರಂಡಿಗೆ ಮನುಷ್ಯರನ್ನು ಇಳಿಸುವುದನ್ನು 2013ರ ಕಾನೂನು ನಿಷೇಧಿಸಿದೆ. ಹೀಗೆ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಬೇಕೆಂದು 2014ರಲ್ಲಿ ಆದೇಶಿಸಿದ್ದ ಸುಪ್ರೀಂ ಕೋರ್ಟು 2023ರ ಅಕ್ಟೋಬರ್‌ನಲ್ಲಿ ಆ ಮೊತ್ತವನ್ನು 30 ಲಕ್ಷಕ್ಕೆ ಏರಿಸಿತು. ಪರಿಹಾರ ಏರಿಸಬೇಕಾಗಿ ಬಂದಿತೆಂದರೆ ಸಾವುಗಳು ನಿಂತಿಲ್ಲವೆಂದೇ ಅರ್ಥ. ಹಾಗೆ ಇಳಿದು ಸತ್ತವರು ಯಾವ ಜಾತಿಯವರು ಎಂದು ನಮ್ಮಲ್ಲಿ ಯಾರೂ ಕೇಳಿ ತಿಳಿಯಬೇಕಾಗಿಲ್ಲ. ಪರಿಸರದ ದೈವಶಾಸ್ತ್ರ ಇವರ ಹೆಸರಿನಲ್ಲಿ ಆರಂಭವಾಗದಿದ್ದರೆ ಅದು ಉದ್ಯಾನದ ದೈವಶಾಸ್ತ್ರವಾಗಿ ಉಳಿಯುತ್ತದೆ.

ನಾವು ಓದದ ಎರಡು ವಚನಗಳು

ಶ್ರೀಗ್ರಂಥದಲ್ಲಿ ಈ ‘ಮೇಲೆ–ಕೆಳಗೆ’ಯ ಪ್ರಶ್ನೆಯನ್ನು ನೇರವಾಗಿ ಎದುರಿಸುವ ಭಾಗವೊಂದಿದೆ: ಯೆಜೆಕಿಯೇಲನ ಗ್ರಂಥದ 34ನೇ ಅಧ್ಯಾಯ. ಇಸ್ರಯೇಲಿನ ಕುರಿಗಾಹಿಗಳು ಮಂದೆಯನ್ನು ಬಿಟ್ಟು ತಮ್ಮನ್ನೇ ಮೇಯಿಸಿಕೊಂಡರು ಎಂಬ ಆರೋಪದಿಂದ ಅದು ಆರಂಭವಾಗುತ್ತದೆ. ಈ ಆರಂಭದ ಭಾಗದ ಮೇಲೆ ಸಂತ ಅಗಸ್ಟೀನರು ನೀಡಿದ ಪ್ರವಚನವನ್ನು ಕಾಲಪ್ರಾರ್ಥನೆಯ ವಾಚನಗಳಲ್ಲಿ ನಾವು ಪ್ರತಿವರ್ಷ ಓದುತ್ತೇವೆ. ಕುರಿಗಾಹಿಗಳಾದ ನಮಗೆ ಅದು ಪರಿಚಿತ.

ಆದರೆ 18 ಮತ್ತು 19ನೇ ವಚನಗಳಲ್ಲಿ ಪ್ರವಾದಿಯ ದೃಷ್ಟಿ ಕುರಿಗಾಹಿಗಳಿಂದ ಕುರಿಗಳ ಕಡೆಗೆ ತಿರುಗುತ್ತದೆ. ಕೊಬ್ಬಿದ ಕುರಿಗಳನ್ನು ದೇವರು ಪ್ರಶ್ನಿಸುತ್ತಾರೆ: ಒಳ್ಳೆಯ ಹುಲ್ಲನ್ನು ಮೇಯ್ದದ್ದು ಸಾಲದೆಂದು ಉಳಿದದ್ದನ್ನು ತುಳಿಯಬೇಕೇ, ತಿಳಿನೀರನ್ನು ಕುಡಿದದ್ದು ಸಾಲದೆಂದು ಮಿಕ್ಕದ್ದನ್ನು ಕಾಲಿನಿಂದ ಕದಡಬೇಕೇ, ನೀವು ತುಳಿದದ್ದನ್ನೇ ಮೇಯ್ದು ಕದಡಿದ್ದನ್ನೇ ಕುಡಿಯುವ ಗತಿ ನನ್ನ ಮಂದೆಗೆ ಬರಬೇಕೇ ಎಂಬುದು ಆ ಪ್ರಶ್ನೆಯ ಸಾರ. ಇಲ್ಲಿ ಮೂರು ಸಂಗತಿಗಳು ಗಮನಾರ್ಹ. ಮೊದಲನೆಯದು, ಎಲ್ಲ ಕುರಿಗಳೂ ಒಂದೇ ಮಂದೆಯವು, ಒಂದೇ ನೀರಿನವು. ಆದರೂ ದೇವರು ಅವನ್ನು ಸಮಾನ ಅಪರಾಧಿಗಳಾಗಿ ನೋಡುವುದಿಲ್ಲ, ಕುರಿಗೂ ಕುರಿಗೂ ನಡುವೆ ತೀರ್ಪು ಮಾಡುತ್ತಾರೆ. ಎರಡನೆಯದು, ಕುಡಿದದ್ದೇ ಪಾಪವಲ್ಲ. ಕುಡಿದ ಮೇಲೆ ಕದಡಿದ್ದು ಪಾಪ. ಸೃಷ್ಟಿಯ ಬಳಕೆಗೂ ಲೂಟಿಗೂ ಇರುವ ಗೆರೆ ಅಲ್ಲಿದೆ. ಮೂರನೆಯದು, ಕದಡಿದ ನೀರನ್ನು ಕುಡಿಯುವ ಕುರಿಗಳನ್ನೇ ದೇವರು ‘ನನ್ನ ಮಂದೆ’ ಎಂದು ಕರೆಯುತ್ತಾರೆ.

ಪೂಜಾವಿಧಿಯ ವಾಚನಸಂಪುಟದಲ್ಲಿ ಇದೇ ಅಧ್ಯಾಯ ‘ಎ’ ವರ್ಷದ ಕ್ರಿಸ್ತರಾಜರ ಮಹೋತ್ಸವಕ್ಕೆ ಮೊದಲ ವಾಚನವಾಗಿದೆ. 11–12ನೇ ವಚನಗಳಿಂದ 15ಕ್ಕೆ ಹಾರಿ, 17ನೇ ವಚನಕ್ಕೆ ವಾಚನ ಮುಗಿಯುತ್ತದೆ. ಕುರಿಗೂ ಕುರಿಗೂ ನಡುವೆ ತೀರ್ಪು ಮಾಡುವೆನೆಂಬ ಘೋಷಣೆಯನ್ನು ಜನ ಕೇಳುತ್ತಾರೆ. ಆ ತೀರ್ಪು ಯಾವುದರ ಕುರಿತು ಎಂಬುದನ್ನು ಕೇಳುವುದಿಲ್ಲ. ನೀರು ಕದಡಿದ ಮಾತು ಬರುವ ಮುನ್ನವೇ ‘ಇದು ಪ್ರಭುವಿನ ವಾಕ್ಯ’ ಎಂದುಬಿಡುತ್ತೇವೆ. ವಾಚನವನ್ನು ಲಂಬಿಸುವ ಅಧಿಕಾರ ನಮಗಿಲ್ಲದಿರಬಹುದು. ಪ್ರವಚನದಲ್ಲಿ ಆ ಎರಡು ವಚನಗಳನ್ನು ಸೇರಿಸಿಕೊಳ್ಳಲು ಯಾರ ಅಡ್ಡಿಯೂ ಇಲ್ಲ.

ಕೆರೆ, ಕೋಡಿ, ನೀರಗಂಟಿ

ಹಾಗಾದರೆ ‘ಮನೆ’ಯನ್ನು ಕೈಬಿಡಬೇಕೇ? ಬೇಕಿಲ್ಲ. ಅದರ ಪಕ್ಕದಲ್ಲಿ ಈ ನೆಲದ್ದೇ ಆದ ಇನ್ನೊಂದು ರೂಪಕವನ್ನು ಇಡಬೇಕು: ಕೆರೆ. ಹಳೆಯ ಮೈಸೂರು ಸೀಮೆಯಲ್ಲಿ ಕೆರೆಗಳು ಒಂಟಿಯಲ್ಲ, ಸರಣಿಯಲ್ಲಿ ಇದ್ದವು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು. ಮೇಲಿನವರು ಮಾಡಿದ್ದು ಕೆಳಗಿನವರನ್ನು ಮುಟ್ಟುತ್ತದೆ ಎಂಬ ಅರಿವು ಆ ವ್ಯವಸ್ಥೆಯ ಅಡಿಪಾಯದಲ್ಲೇ ಇತ್ತು. ಮನೆಯ ರೂಪಕ ಮರೆಸುವುದನ್ನು ಕೆರೆಯ ರೂಪಕ ನೆನಪಿಸುತ್ತದೆ: ನಾವು ಎಲ್ಲಿ ನಿಂತಿದ್ದೇವೆ, ಏರಿಯ ಯಾವ ಬದಿಗೆ?

ಕೆರೆಗೆ ನೀರಗಂಟಿಯೊಬ್ಬನಿದ್ದ. ತೂಬು ತೆರೆಯುವುದು, ಮುಚ್ಚುವುದು, ಮೇಲಿನ ಗದ್ದೆಗೂ ಕೊನೆಯ ಗದ್ದೆಗೂ ನೀರು ಸಲ್ಲುವಂತೆ ನೋಡಿಕೊಳ್ಳುವುದು ಅವನ ಹೊಣೆ. ಬರಗಾಲದಲ್ಲಿ ಅವನ ಕೆಲಸ ಇನ್ನೂ ಕಠಿಣ, ಇರುವಷ್ಟರಲ್ಲೇ ಎಲ್ಲರಿಗೂ ಪಾಲು. ಆದಿಕಾಂಡದ ಎರಡನೇ ಅಧ್ಯಾಯದಲ್ಲಿ ಮನುಷ್ಯನಿಗೆ ವಹಿಸಿದ ಕಾಯುವ ಕೆಲಸವನ್ನು ನಾವು ಸಾಮಾನ್ಯವಾಗಿ ಪಾರುಪತ್ಯ ಎಂದು ವಿವರಿಸುತ್ತೇವೆ. ಪಾರುಪತ್ಯಗಾರನ ನಿಷ್ಠೆ ಯಜಮಾನನ ಆಸ್ತಿಗೆ. ನೀರಗಂಟಿಯ ನಿಷ್ಠೆ ಕೊನೆಯ ಗದ್ದೆಗೆ. ಸೃಷ್ಟಿಯ ಕಾವಲುಗಾರನಾದ ಮನುಷ್ಯನಿಗೆ ಎರಡನೆಯ ಹೋಲಿಕೆಯೇ ಹೆಚ್ಚು ಸಲ್ಲುತ್ತದೆ ಎಂದು ನಮಗೆ ತೋರುತ್ತದೆ.

ಇದನ್ನು ಆದರ್ಶೀಕರಿಸಬಾರದೆಂಬ ಎಚ್ಚರವೂ ಇರಲಿ. ಅನೇಕ ಊರುಗಳಲ್ಲಿ ನೀರಗಂಟಿ ದಲಿತನಾಗಿದ್ದ. ಎಲ್ಲರ ಹೊಲಕ್ಕೆ ನೀರು ಹಾಯಿಸಿದವನಿಗೆ ತನ್ನದೆಂಬ ಗದ್ದೆ ಇರುತ್ತಿದ್ದದ್ದು ಕಡಿಮೆ. ನ್ಯಾಯವಾಗಿ ಹಂಚುವ ಹೊಣೆ ಅವನದು, ಪಾಲು ಬೇರೆಯವರದು. ಹಳೆಯ ವ್ಯವಸ್ಥೆಗೆ ಮರಳುವುದು ನಮ್ಮ ಆಶಯವಲ್ಲ. ಅದರ ನೆನಪಿನಿಂದ ಹೆಚ್ಚು ನ್ಯಾಯವಾದ ವ್ಯವಸ್ಥೆಯೊಂದನ್ನು ಕಲ್ಪಿಸಿಕೊಳ್ಳುವುದು ನಮ್ಮ ಆಶಯ.

ಇಲ್ಲಿ ನಮ್ಮ ವಿದ್ಯಾರ್ಥಿಗಳು ಎತ್ತುವ ಆಕ್ಷೇಪವೊಂದನ್ನು ಎದುರಿಸಲೇಬೇಕು. ನಗರವೂ ಪೀಣ್ಯದ ಕಾರ್ಖಾನೆಗಳೂ ಇಲ್ಲದಿದ್ದರೆ ಹಳ್ಳಿಯ ಬಡವರು ಎಲ್ಲಿಗೆ ಹೋಗುತ್ತಿದ್ದರು, ಬೆಳವಣಿಗೆಯೇ ಬಡತನಕ್ಕೆ ಮದ್ದಲ್ಲವೇ ಎಂದು ಅವರು ಕೇಳುತ್ತಾರೆ. ಪ್ರಶ್ನೆ ಹುರುಳುಳ್ಳದ್ದು. ಗಾರ್ಮೆಂಟ್ಸ್ ಮತ್ತು ಸಣ್ಣ ಕೈಗಾರಿಕೆಗಳ ಸಂಬಳದಿಂದಲೇ ಪಶ್ಚಿಮ ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಮಕ್ಕಳು ಓದಿದ್ದಾರೆ. ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರು ಅಂಥ ಮನೆಗಳಿಂದಲೇ ಬಂದವರು. ಆದರೆ ಬೆಳವಣಿಗೆಯ ಲಾಭ ಒಂದು ದಿಕ್ಕಿಗೂ ಅದರ ಕೊಳಚೆ ಇನ್ನೊಂದು ದಿಕ್ಕಿಗೂ ಹರಿಯಬೇಕೆಂಬ ಪ್ರಕೃತಿನಿಯಮವೇನೂ ಇಲ್ಲ. ಶುದ್ಧೀಕರಣದ ಖರ್ಚನ್ನು ತಪ್ಪಿಸಿಕೊಂಡ ಕಾರ್ಖಾನೆ ಆ ಖರ್ಚನ್ನು ಇಲ್ಲವಾಗಿಸಿಲ್ಲ, ಭೈರಮಂಗಲದ ರೈತನ ಲೆಕ್ಕಕ್ಕೆ ದಾಟಿಸಿದೆ. ನಾವು ಬೆಳವಣಿಗೆ ಎಂದು ಎಣಿಸುವುದರ ಒಂದು ಪಾಲು ಹೀಗೆ ಹೇಳದೆ ಪಡೆದ ಸಾಲ.

ಋಣ ಮತ್ತು ಮರುಪಾವತಿ

ಸಾಲ ಎಂಬ ಪದಕ್ಕೆ ಬಂದಾಗ ನಮ್ಮ ನೈತಿಕ ದೈವಶಾಸ್ತ್ರದ ಹಳೆಯ ಪಾಠವೊಂದು ನೆರವಿಗೆ ಬರುತ್ತದೆ. ಕದ್ದವನು ಪಶ್ಚಾತ್ತಾಪಪಟ್ಟು ಪಾಪನಿವೇದನೆ ಮಾಡಿದರೆ ಸಾಲದು, ಕದ್ದದ್ದನ್ನು ಹಿಂದಿರುಗಿಸಬೇಕು. ಜಕ್ಕಾಯನ ಮನೆಗೆ ಉದ್ಧಾರ ಬಂದಿತೆಂದು ಯೇಸು ಸಾರಿದ್ದು ಅವನು ಮರುಪಾವತಿಯ ಮಾತನಾಡಿದ ಮೇಲೆ. ಅದೂ ನಾಲ್ಕು ಪಟ್ಟು (ಲೂಕ 19:8–9). ಅಮೆಜಾನ್ ಪ್ರದೇಶದ ಕುರಿತು 2019ರಲ್ಲಿ ನಡೆದ ಸಿನೊಡ್ ತನ್ನ ಅಂತಿಮ ದಾಖಲೆಯಲ್ಲಿ ‘ಪರಿಸರ ಪಾಪ’ವನ್ನು ದೇವರ, ನೆರೆಯವರ, ಸಮುದಾಯದ ಮತ್ತು ಪರಿಸರದ ವಿರುದ್ಧದ ಪಾಪವೆಂದು ನಿರೂಪಿಸಲು ಪ್ರಸ್ತಾಪಿಸಿತು. ಪಾಪವೆಂದು ಒಪ್ಪಿದ ಮೇಲೆ ಮರುಪಾವತಿಯ ನಿಯಮವೂ ಅದರ ಬೆನ್ನಿಗೇ ಬರಬೇಕು. ನಮ್ಮ ತಪಸ್ಸುಕಾಲದ ಆತ್ಮಶೋಧನೆಯ ಹಾಳೆಗಳಲ್ಲಿ ‘ನೀರು ಪೋಲು ಮಾಡಿದೆನೇ’ ಎಂಬ ಪ್ರಶ್ನೆ ಈಚೆಗೆ ಕಾಣಿಸಿಕೊಂಡಿದೆ. ‘ಪೋಲು ಮಾಡಿದ್ದು ಯಾರ ನೀರನ್ನು, ಅವರಿಗೆ ಹಿಂದಿರುಗಿಸುವುದು ಹೇಗೆ’ ಎಂಬ ಪ್ರಶ್ನೆ ಇನ್ನೂ ಬಂದಿಲ್ಲ.

ಜಗತ್ತಿನ ರಾಜಕಾರಣವೂ ಇದೇ ಹೊಸ್ತಿಲಲ್ಲಿ ತಡವರಿಸುತ್ತಿದೆ. ಹವಾಮಾನ ವೈಪರೀತ್ಯದಿಂದ ನಷ್ಟಕ್ಕೊಳಗಾದ ಬಡ ರಾಷ್ಟ್ರಗಳಿಗೆ ನೆರವಾಗುವ ನಿಧಿಗೆ 2022ರಲ್ಲಿ ಈಜಿಪ್ಟಿನ ಸಮ್ಮೇಳನ ಒಪ್ಪಿಗೆ ನೀಡಿತು. 2024ರಲ್ಲಿ ಬಾಕು ಸಮ್ಮೇಳನವು 2035ರ ವೇಳೆಗೆ ವರ್ಷಕ್ಕೆ 300 ಶತಕೋಟಿ ಡಾಲರ್ ಹವಾಮಾನ ನೆರವಿನ ಗುರಿಯನ್ನಿಟ್ಟಿತು. ಇದು ತೀರಾ ಕಡಿಮೆಯೆಂದು ಭಾರತವೂ ಸೇರಿದಂತೆ ಹಲವು ದೇಶಗಳು ಪ್ರತಿಭಟಿಸಿದವು. ಇದನ್ನು ದಾನವೆಂದು ಕರೆಯಬೇಕೋ, ಸಾಲತೀರಿಕೆ ಎನ್ನಬೇಕೋ ಎಂಬುದೇ ಅಲ್ಲಿನ ಜಗಳದ ತಿರುಳು. 2025ರ ಜೂಬಿಲಿಯನ್ನು ಘೋಷಿಸಿದ ಪತ್ರದಲ್ಲಿ ಜಗದ್ಗುರು ಫ್ರಾನ್ಸಿಸ್‌ರವರು, ತೀರಿಸಲಾಗದ ದೇಶಗಳ ಸಾಲವನ್ನು ಮನ್ನಾ ಮಾಡುವುದು ಔದಾರ್ಯದ ವಿಷಯವಲ್ಲ, ನ್ಯಾಯದ ವಿಷಯ ಎಂಬ ಅಭಿಪ್ರಾಯ ನೀಡಿ ಪರಿಸರದ ಋಣವನ್ನೂ ಅಲ್ಲಿಯೇ ನೆನಪಿಸಿದರು. ಯಾಜಕಕಾಂಡದ 25ನೇ ಅಧ್ಯಾಯದ ಜೂಬಿಲಿಯೂ ಇದನ್ನೇ ಹೇಳುತ್ತದೆ: ಭೂಮಿ ದೇವರದು, ಕಳೆದುಕೊಂಡವನಿಗೆ ಅದು ಮರಳಬೇಕು.

ಹೆಚ್ಚು ನ್ಯಾಯವಾದ ಜಗತ್ತು ಸಾಧ್ಯವೇ ಎಂಬ ಪ್ರಶ್ನೆಗೆ ಈ ಸಮ್ಮೇಳನಗಳ ದಾಖಲೆ ನೋಡಿ ಆಶಾವಾದಿಯಾಗುವುದು ಕಷ್ಟ. ಕ್ರೈಸ್ತ ಭರವಸೆ ಆಶಾವಾದದಿಂದ ಬೇರೆಯಾದದ್ದು. ಮೇಲಿನವರು ತಾವಾಗಿ ಒಳ್ಳೆಯವರಾಗುವರೆಂದು ಅದು ನಂಬುವುದಿಲ್ಲ. ಕದಡಿದ ನೀರನ್ನು ಕುಡಿದವರ ಪರವಾಗಿ ದೇವರು ತೀರ್ಪು ಮಾಡುವರೆಂದು ನಂಬುತ್ತದೆ, ಮತ್ತು ಆ ತೀರ್ಪಿನ ಎದುರು ತನ್ನ ಲೆಕ್ಕವನ್ನು ಈಗಲೇ ಸರಿಪಡಿಸಿಕೊಳ್ಳಲು ಹೊರಡುತ್ತದೆ.

ಗುರುಮಠಕ್ಕೆ ಉಳಿದಿರುವ ಪ್ರಶ್ನೆ

ಗುರುಮಠಗಳು ಸರಳ ಜೀವನವನ್ನೂ ಬಡವರ ಕಾಳಜಿಯನ್ನೂ ಕಲಿಸಲಿ ಎಂದು ವಿಶ್ವಪತ್ರ ಹೆಸರಿಸಿಯೇ ಕೇಳಿಕೊಂಡಿದೆ (214). ಈ ವಿಷಯದ ಪಾಠವೊಂದರಲ್ಲಿ ವಿದ್ಯಾರ್ಥಿಯೊಬ್ಬರು, “ನಮ್ಮ ಮಠದ ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ?” ಎಂದು ಕೇಳಿದರು. ಅಲ್ಲಿ ವರ್ಷಗಳಿಂದ ಪಾಠ ಹೇಳುತ್ತಿದ್ದ ನಮಗೆ ಉತ್ತರ ಗೊತ್ತಿರಲಿಲ್ಲ. ಜಗತ್ತಿನ ಋಣದ ಲೆಕ್ಕ ನಾಲಗೆಯ ತುದಿಯಲ್ಲಿತ್ತು. ನಮ್ಮ ಹಿತ್ತಲ ಕೊಳವೆಯ ಲೆಕ್ಕ ಇರಲಿಲ್ಲ. ವಿಚಾರಿಸಿದಾಗ ಅದು ವೃಷಭಾವತಿ ಕಣಿವೆಗೇ ಸೇರುತ್ತದೆಂದು ತಿಳಿಯಿತು. ಕುರುಬರಹಳ್ಳಿಯ ಆ ಮನೆಯ ಗೆರೆಯನ್ನು ನೋಡಿ ಮರುಗಿದ್ದ ನಾವೂ ಅದೇ ಕಣಿವೆಯ ಮೇಲುಭಾಗದವರೇ ಆಗಿದ್ದೆವು. ಈ ಲೇಖನದುದ್ದಕ್ಕೂ ಬಳಸಿರುವ ‘ನಾವು’ ಯಾವ ‘ನಾವು’ ಎಂಬುದು ಅಂದು ನಮಗೆ ಸ್ಪಷ್ಟವಾಯಿತು.

ಆದ್ದರಿಂದ ನಮ್ಮ ಸಲಹೆಗಳು ದೊಡ್ಡವಲ್ಲ. ಪ್ರತಿ ಗುರುಮಠ, ಶಾಲೆ, ಆಸ್ಪತ್ರೆ, ಧರ್ಮಕೇಂದ್ರ ತನ್ನ ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂಬುದನ್ನು ತಿಳಿದುಕೊಳ್ಳಲಿ. ವಿಶಾಲವಾದ ಆವರಣವುಳ್ಳ ನಮ್ಮ ಸಂಸ್ಥೆಗಳು ಬಿದ್ದ ಮಳೆಯನ್ನು ಅಲ್ಲಿಯೇ ಇಂಗಿಸಲಿ; ಇಂಗಿಸಿದ ಪ್ರತಿ ಕೊಡ ನೀರೂ ತಗ್ಗಿನ ಯಾವುದೋ ಮನೆಗೆ ನುಗ್ಗದ ಕೊಡ. ನಮ್ಮ ಗುಂಡಿಗಳಿಗೆ ಮನುಷ್ಯರನ್ನು ಇಳಿಸುವುದಿಲ್ಲ ಎಂಬ ನಿಯಮವನ್ನು ಬರೆದು ಪಾಲಿಸಲಿ. ಕಣಿವೆಯ ಮೇಲಿನ ಧರ್ಮಕೇಂದ್ರಗಳು ಕೆಳಗಿನ ಜನರ ಮಾತನ್ನು, ಅವರು ಯಾವ ಧರ್ಮದವರೇ ಆಗಿರಲಿ, ಅವರ ಊರಿಗೇ ಹೋಗಿ ಕೇಳಲಿ. ಅವರು ಮನವಿ ಹಿಡಿದು ಕಚೇರಿಗೆ ಹೊರಟಾಗ ಜತೆಗೆ ನಡೆಯಲಿ. ಇದರಿಂದ ಜಗತ್ತು ಬದಲಾಗುತ್ತದೆಂದು ನಾವು ಹೇಳುವುದಿಲ್ಲ. ಸಾಲಗಾರನು ಮೊದಲ ಕಂತು ಕಟ್ಟಿದಂತೆ ಆಗುತ್ತದೆ.

ಪೂಜಾವಿಧಿಯ ತರಗತಿಯಲ್ಲಿ ನಾವೆಲ್ಲರೂ ಕಲಿತ ನಿಯಮವೊಂದಿದೆ. ದೀಕ್ಷಾಸ್ನಾನಕ್ಕೆ ಬಳಸಿದ ನೀರನ್ನು, ಪೂಜಾಪಾತ್ರೆಗಳನ್ನು ತೊಳೆದ ನೀರನ್ನು ಮೋರಿಗೆ ಚೆಲ್ಲಬಾರದು. ನೇರವಾಗಿ ಮಣ್ಣಿಗೆ ಇಳಿಯುವಂತೆ ಸಕ್ರಾರಿಯಂ ಎಂಬ ಪ್ರತ್ಯೇಕ ಬೋಗುಣಿಗೆ ಸುರಿಯಬೇಕು. ದೇವರ ಕೆಲಸಕ್ಕೆ ಒದಗಿದ ನೀರು ಯಾರ ಕಾಲಡಿಗೂ ಕೊಳಚೆಯಾಗಿ ಹೋಗಬಾರದೆಂಬ ಗೌರವ ಅದರಲ್ಲಿದೆ. ಆ ನಿಯಮವನ್ನು ತಲೆಮಾರುಗಳಿಂದ ನಿಷ್ಠೆಯಿಂದ ಪಾಲಿಸಿಕೊಂಡು ಬಂದಿದ್ದೇವೆ. ಉಳಿದ ನೀರನ್ನು ಯಾರ ಮನೆಯತ್ತ ಬಿಟ್ಟಿದ್ದೇವೆ ಎಂದು ಕೇಳಿಕೊಂಡಿರಲಿಲ್ಲ. ಮುಂದಿನ ಮಳೆಗಾಲಕ್ಕೆ ಮೊದಲು ಕುರುಬರಹಳ್ಳಿಯ ಆ ಮನೆಗೆ ಮತ್ತೆ ಹೋಗಬೇಕೆಂದಿದ್ದೇವೆ, ಈ ಬಾರಿ ಪ್ರವಚನವಿಲ್ಲದೆ.